ನರ್ಸಮ್ಮ ಯಾರ ಕಡೆ?

ಜನವರಿ 8

ಮೊಂಡ,

ಚೆನ್ನಾಗಿದ್ದೀಯಾ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಕೆಮ್ಮು ಹೇಗಿದೆ ಎಂದೆಲ್ಲ ವಿಚಾರಿಸುವ ತಾಳ್ಮೆ ಇವತ್ತು ನಿನ್ನ ಅಕ್ಕನಿಗಿಲ್ಲ. ಕೇಳಿದೆ ಎಂದುಕೊಂಡು ಉತ್ತರ ಬರೆ. ಮೈಯೆಲ್ಲ ಉರಿಯುತ್ತಿದೆ, ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ನಿನ್ನ ಸುರಂಗದ ಕ್ಯಾಂಪಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ರೇಷನ್ ಲಾರಿ ಈ ಕಾಗದವನ್ನು ಬೆಟ್ಟ ಹತ್ತಿಸುವಷ್ಟರಲ್ಲಿ ನನ್ನ ಕೋಪ ಆರಿರುತ್ತದೆ ಎಂದು ಮಾತ್ರ ತಿಳಿಯಬೇಡ.

ನಾನು ನಗರಸಭೆ ಚುನಾವಣೆಗೆ ನಿಂತಿದ್ದೇನೆ. ನಗಬೇಡ. ನಮ್ಮ ಹೆರಿಗೆ ಆಸ್ಪತ್ರೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ಡಾಕ್ಟರಿಲ್ಲ ಎಂದು ಬೀಗ ಹಾಕಿದರು, ಬೀಗ ಹಾಕಿದೆ ಎಂದು ಡಾಕ್ಟರು ಬರಲಿಲ್ಲ. ನನ್ನನ್ನು ಕಚೇರಿಯಲ್ಲಿ ಕಡತ ಜೋಡಿಸಲು ಕೂರಿಸಿದರು. ಹೆರಿಗೆ ಮಾಡಿಸುವ ಕೈ, ಎಷ್ಟು ದಿನ ದೂಳು ಒರೆಸೀತು? ನಿವೃತ್ತಿ ಬರೆದುಕೊಟ್ಟು ಮನೆಗೆ ಬಂದೆ. ಹೋದ ತಿಂಗಳು ಬೇಕರಿಯವನ ಸೊಸೆ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲೇ ಹೆತ್ತಳು. ಈಗ ಆಸ್ಪತ್ರೆಯ ಕಟ್ಟಡವನ್ನೇ ಕೆಡವಿ ಅಂಗಡಿ ಮಳಿಗೆ ಕಟ್ಟುತ್ತಾರಂತೆ. ಕಟ್ಟಿಸುವವನು ನಮ್ಮ ಬೀದಿಗಳ ಈಗಿನ ಸದಸ್ಯ, ಆ ಸಿಮೆಂಟ್ ಅಂಗಡಿಯವನು. ಮಾರುವ ಸಿಮೆಂಟೂ ಅವನದೇ, ಹೇಳಬೇಕಾಗಿಲ್ಲ.

ನಮ್ಮ ಹಳೆಯ ಮನೆಯ ಪಕ್ಕದ ಮೈಕಣ್ಣ ನೆನಪಿದ್ದಾರಲ್ಲ, ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವವರು? ಅವರೇ ಒಂದು ಒಕ್ಕೂಟ ಕಟ್ಟಿ ಪ್ರತಿ ವಾರ್ಡಿಗೂ ಒಬ್ಬರನ್ನು ನಿಲ್ಲಿಸಿದ್ದಾರೆ. ಆಸ್ಪತ್ರೆ ತೆರೆಸುತ್ತೇನೆ ಎಂದು ಮನೆಮನೆ ಹತ್ತಿ ಇಳಿದೆ. ಆಸ್ಪತ್ರೆಯ ಬಗ್ಗೆ ಒಬ್ಬರಾದರೂ ಕೇಳಬೇಕಲ್ಲ? ನಾವು ಹುಟ್ಟಿ ಬೆಳೆದ ಬೀದಿಯಲ್ಲಿ, "ನೀನು ಮದುವೆ ಆಗಿದ್ದು ಅವರಲ್ಲಿ. ಈಗ ಅವರವಳೇ ತಾನೆ?" ಎಂದರು. ನಿನ್ನ ಭಾವನ ಬೀದಿಯಲ್ಲಿ, "ಎಷ್ಟಾದ್ರೂ ನೀವು ಹುಟ್ಟಿದ್ದು ಆ ಧರ್ಮದಲ್ಲಿ ಅಲ್ವಾ?" ಎಂದರು. ಎರಡೂ ಕಡೆ ಕುಡಿಯಲು ನೀರು ಮಾತ್ರ ಚೆನ್ನಾಗಿ ಕೊಟ್ಟರು.

ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಕರಪತ್ರ ಒಳಗೆ ಬಂತು. ತಲೆಬರಹ: 'ನರ್ಸಮ್ಮ ಯಾರ ಕಡೆ?' ಆಗತಾನೆ ಹುಟ್ಟಿದ ಮಕ್ಕಳ ಕಿವಿಯಲ್ಲಿ ನಾನು ಗಂಡನ ಧರ್ಮದ ಪ್ರಾರ್ಥನೆ ಊದುತ್ತಿದ್ದೆನಂತೆ! ಬಾಗಿಲಾಚೆ ಕಾಯುತ್ತಿದ್ದ ಅಜ್ಜಿಯರು ಕಣ್ಣಾರೆ ನೋಡಿದ್ದಾರಂತೆ. ನೋಡಿರುತ್ತಾರೆ, ಇಲ್ಲವೆನ್ನುವುದಿಲ್ಲ. ಮಗು ಹೊರಗೆ ಬಂದ ಕೂಡಲೇ ಅದರ ಮೂಗಿನ ಬಳಿ ಕೆನ್ನೆಯಿಟ್ಟು ಉಸಿರು ತಾಗುವವರೆಗೆ ತಲೆ ಎತ್ತದಿರುವುದು ನನ್ನ ರೂಢಿ. ಆ ಹೊತ್ತಿನಲ್ಲಿ ನನಗೆ ಯಾವ ದೇವರ ನೆನಪೂ ಇರುವುದಿಲ್ಲ. ಸಿಮೆಂಟಿನವನ ಎರಡನೆಯ ಮಗ ನೀಲಿಗಟ್ಟಿ ಹುಟ್ಟಿದಾಗಲೂ ಹೀಗೆಯೇ ಕೆನ್ನೆಯಿಟ್ಟು ಬಗ್ಗಿದ್ದೆ. ಆವತ್ತು ಇದೇ ಮನುಷ್ಯ ಹೊರಗೆ ನಿಂತು ಅಳುತ್ತಿದ್ದ. ಇವತ್ತು ಅದನ್ನೇ ಅಚ್ಚು ಹಾಕಿಸಿ ಹಂಚುತ್ತಿದ್ದಾನೆ. ಇವನಿಗೆ ನಾಚಿಕೆ ಬೇಡವಾ?

ಬೇಗ ಬರೆ. ನಿನ್ನ ಜೊತೆ ಸೇರಿ ಅವನನ್ನು ಬೈಯಬೇಕಾಗಿದೆ.

ಅಕ್ಕ


ಜನವರಿ 19

ಅಕ್ಕಾ,

ಕೆಮ್ಮು ಕಡಿಮೆಯಾಗಿದೆ. ಊಟ ಸರಿಯಾಗಿ ಮಾಡುತ್ತೇನೆ, ಆದರೆ ಅಡುಗೆಯವನು ಸರಿಯಾಗಿ ಮಾಡುವುದಿಲ್ಲ. ನೀನು ಚುನಾವಣೆಗೆ ನಿಂತ ಸುದ್ದಿ ಓದಿ ಇಡೀ ಕ್ಯಾಂಪಿಗೆ ಚಹಾ ಕುಡಿಸಿದೆ. ಸಿಮೆಂಟಿನವನನ್ನು ನಿನ್ನ ಪರವಾಗಿ ಬೈದೂ ಆಯಿತು, ಬೈಗುಳಗಳನ್ನು ಬರೆದರೆ ಅಂಚೆಯವರು ಈ ಕಾಗದ ಮುಟ್ಟಲಿಕ್ಕಿಲ್ಲ.

ಆದರೆ ಅಕ್ಕಾ, ಕೋಪ ಮಾಡಿಕೊಳ್ಳದೆ ಕೇಳು. ಜನ ಹಾಗೆ ಕೇಳಿದ್ದರಲ್ಲಿ ಏನು ತಪ್ಪು? ಇಲ್ಲಿ ನಮ್ಮ ಗುತ್ತಿಗೆದಾರನನ್ನೇ ನೋಡು. ಅವನ ಧರ್ಮದವರಿಗೆಲ್ಲ ಸುರಂಗದ ಹೊರಗೆ ಕೆಲಸ, ಗೇಟು, ಸ್ಟೋರು, ಲಾರಿ ಕಾಯುವುದು. ಉಳಿದವರು ಒಳಗೆ ಹೋಗಿ ಕಲ್ಲಿನ ದೂಳು ಕುಡಿಯಬೇಕು. ಇದನ್ನೆಲ್ಲ ದಿನಾ ನೋಡುವ ಬಡವನಿಗೆ, ಮೇಲೆ ನಮ್ಮವನೊಬ್ಬ ಇರಲಿ ಅನ್ನಿಸದೆ ಇರುತ್ತದಾ? ಓಟು ಹಾಕುವವನು ಹುಚ್ಚನಲ್ಲ. ಯಾರ ಬಾಗಿಲು ತಟ್ಟಿದರೆ ತೆರೆಯುತ್ತದೆ ಎಂದು ಅವನಿಗೆ ಗೊತ್ತು.

ನಮ್ಮವರ ಓಟೇ ಊರಲ್ಲಿ ಹೆಚ್ಚು. ಅವರಿಗೆ ಒಂದೇ ಒಂದು ಮಾತು ಹೇಳಿಬಿಡು. ಸುಳ್ಳು ಹೇಳು ಎನ್ನುತ್ತಿಲ್ಲ. ಮದುವೆಯಾದ ಮೇಲೂ ನೀನು ಧರ್ಮ ಬಿಟ್ಟವಳಲ್ಲ. ಇವತ್ತಿಗೂ ಭಾವನ ಔಷಧಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬೆಳಿಗ್ಗೆ ಕದ ಮುಚ್ಚಿಕೊಂಡು ಅಪ್ಪ ಕಲಿಸಿದ ಪ್ರಾರ್ಥನೆ ಮಾಡುತ್ತೀಯ. ಭಾವನಿಗೂ ನನಗೂ ಬಿಟ್ಟು ಇದು ಯಾರಿಗೂ ಗೊತ್ತಿಲ್ಲ, ನಿನ್ನ ಅತ್ತೆಗೂ ಗೊತ್ತಿಲ್ಲ. ಇಷ್ಟು ಹೇಳಿದರೆ ಸಿಮೆಂಟಿನವನ ಬಾಯಿ ಮುಚ್ಚುತ್ತದೆ, ಆಸ್ಪತ್ರೆಯ ಬೀಗ ತೆರೆಯುತ್ತದೆ. ಯೋಚಿಸು.

ನಿನ್ನ ಮೊಂಡ


ಜನವರಿ 27

ಏನೋ ಮೊಂಡ,

ಸಿಮೆಂಟಿನವನನ್ನು ಬೈಯೋಣ ಬಾ ಎಂದರೆ ನೀನು ಅವನ ವಕೀಲನಾಗಿ ಬಂದಿದ್ದೀಯಲ್ಲ! ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೆಯ ಸಲ ಇನ್ನೂ ಹೆಚ್ಚು ಸಿಟ್ಟು ಬಂತು.

ಗುತ್ತಿಗೆದಾರ ತನ್ನವರಿಗೆ ಮಾತ್ರ ಒಳ್ಳೆಯ ಕೆಲಸ ಕೊಟ್ಟರೆ ಅದು ಅನ್ಯಾಯ. ಆ ಅನ್ಯಾಯಕ್ಕೆ ಮದ್ದು ನಾವೂ ಒಬ್ಬ ಅಂಥವನನ್ನೇ ಹುಡುಕಿ ಮೇಲೆ ಕೂರಿಸುವುದಾ? ಸಿಮೆಂಟಿನವನು ನಮ್ಮ ಧರ್ಮದವನೇ. 'ನಮ್ಮವನು' ಎಂದೇ ಅವನನ್ನು ಎರಡು ಬಾರಿ ಗೆಲ್ಲಿಸಿದರು. ಅವನು ಬೀಗ ಹಾಕಿಸಿದ ಮೇಲೆ ಬಸ್ಸಿನಲ್ಲಿ ಹೆತ್ತ ಬೇಕರಿಯವನ ಸೊಸೆ ಯಾರವಳು? ಅವಳೂ ನಮ್ಮವಳೇ! ನಮ್ಮವನು ನಮ್ಮವಳಿಗೆ ಏನು ಕಡಿದು ಕಟ್ಟೆ ಹಾಕಿದ, ಹೇಳು ನೋಡೋಣ.

ಗೋದಾಮಿನ ವಿಷಯ ಬಾಯಿಬಿಟ್ಟೀಯ, ಹುಷಾರ್. ನನ್ನ ಮದುವೆಯಾದಾಗ ಅಪ್ಪ ಬಾಗಿಲು ಹಾಕಿಕೊಂಡರು. ಬಾಗಿಲು ತೆಗೆದವರು ಅತ್ತೆ. ಇಡೀ ಬೀದಿ ತಿರುಗಿ ಬಿದ್ದಾಗ, "ನನ್ನ ಸೊಸೆ ನಮ್ಮ ಹಾಗೇ ನಡ್ಕೋತಾಳೆ, ಅದಕ್ಕೆ ನಾನು ಜವಾಬ್ದಾರಿ" ಎಂದು ಮಾತು ಕೊಟ್ಟವರು. ಆ ಮಾತಿಗೆ ಪೆಟ್ಟು ಬೀಳಬಾರದು ಎಂದೇ ನಾನು ಗೋದಾಮು ಹಿಡಿದದ್ದು. ದೇವರ ಹತ್ತಿರ ನಾನು ಏನು ಮಾತಾಡುತ್ತೇನೆ ಎನ್ನುವುದು ಓಟಿಗೆ ಹಂಚುವ ಸರಕಲ್ಲ. ಮೈಕಣ್ಣನೂ ದಿನಾ ಗಂಟುಬಿದ್ದಿದ್ದಾರೆ, "ನಮ್ಮವಳು ಅಂತ ಒಂದ್ಸಲ ಅಂದ್ಬಿಡಮ್ಮ, ನಿನ್ನ ಗಂಟೇನು ಹೋಗುತ್ತೆ?" ಎಂದು. ಅವರಿಗೂ ಇದೇ ಉತ್ತರ ಕೊಟ್ಟಿದ್ದೇನೆ.

ಭಾವ ಚೆನ್ನಾಗಿದ್ದಾರೆ. ಅಂಗಡಿಯಲ್ಲಿ ವ್ಯಾಪಾರ ಸ್ವಲ್ಪ ತಣ್ಣಗಿದೆ, ಅಷ್ಟೇ.

ಅಕ್ಕ


ಫೆಬ್ರವರಿ 2

ಅಕ್ಕಾ,

ರಸ್ತೆಯ ಮೇಲೆ ಗುಡ್ಡ ಕುಸಿದು ಲಾರಿ ಬಂದಿಲ್ಲ, ನಿನ್ನ ಉತ್ತರವೂ ಬಂದಿಲ್ಲ. ಚುನಾವಣೆ ಹತ್ತಿರ ಬಂತೆಂದು ಮನಸ್ಸು ತಡೆಯಲಿಲ್ಲ. ರಜೆ ಹಾಕಿ ಕಾಲ್ನಡಿಗೆಯಲ್ಲೇ ಬೆಟ್ಟದ ಬುಡದ ಪಟ್ಟಣಕ್ಕೆ ಇಳಿದು ಬಂದಿದ್ದೇನೆ. ಕಾಲು ಊದಿಕೊಂಡಿದೆ, ಇರಲಿ.

ನಿನಗೆ ಫೋನ್ ಮಾಡಿದೆ, ಅತ್ತೆ ಎತ್ತಿದರು. ನೀನು ಓಟು ಕೇಳಲು ಹೋಗಿದ್ದೀಯ ಎಂದರು. ಆಮೇಲೆ ಮೈಕಣ್ಣನಿಗೆ ಮಾಡಿದೆ. ಏನು ಮಾತಾಡಿದೆವು ಎಂದು ಕೇಳಬೇಡ. ನೀನು ಸಂಕೋಚದಿಂದ ಹೇಳಲಾರದ್ದನ್ನು ಒಡಹುಟ್ಟಿದವನು ಹೇಳಿದರೆ ನಿನ್ನ ಮರ್ಯಾದೆಗೇನೂ ಕುಂದಿಲ್ಲ. "ರೆಕಾರ್ಡ್ ಮಾಡ್ಕೊಳ್ಲಾ?" ಎಂದರು. ಮಾಡಿಕೊಳ್ಳಿ ಎಂದೆ. ನಿನ್ನ ಗೆಲುವು ಖಾತ್ರಿ, ಬರೆದಿಟ್ಟುಕೋ. ಇಷ್ಟು ವರ್ಷ ನಿನಗಾಗಿ ಏನೂ ಮಾಡಲಿಲ್ಲ ಎಂಬ ಕೊರಗಿತ್ತು. ಇವತ್ತು ಹಗುರವಾಗಿದ್ದೇನೆ.

ನಿನ್ನ ಮೊಂಡ


ಫೆಬ್ರವರಿ 9

ನಿನ್ನ ದನಿ ಕೇಳಿದೆ.

ಸಂಜೆ ಬಟ್ಟೆ ಮಡಿಸುತ್ತಿದ್ದೆ. ಬೀದಿಯ ತಿರುವಿನಲ್ಲಿ ನೀನು ಮಾತಾಡುವುದು ಕೇಳಿಸಿತು. ತಮ್ಮ ಬಂದ ಎಂದು ಮಡಿಲಲ್ಲಿದ್ದ ಬಟ್ಟೆಯೆಲ್ಲ ಚೆಲ್ಲಿ ಬರಿಗಾಲಲ್ಲಿ ಹೊರಗೆ ಓಡಿದೆ. ಎರಡು ವರ್ಷವಾಯಿತಲ್ಲೋ ನಿನ್ನನ್ನು ನೋಡಿ! ಹೊರಗೆ ನೋಡಿದರೆ ಮೈಕಣ್ಣನ ವ್ಯಾನು. ಅದರ ಮೇಲಿನ ಲೌಡ್‌ಸ್ಪೀಕರಿನಿಂದ ನೀನು ಇಡೀ ಊರಿಗೆ ಹೇಳುತ್ತಿದ್ದೀಯ: "ನನ್ನ ಅಕ್ಕ ಇವತ್ತಿಗೂ ನಮ್ಮವಳೇ. ಧರ್ಮ ಬಿಟ್ಟಿಲ್ಲ. ಅತ್ತೆಗೂ ಗೊತ್ತಿಲ್ಲದ ಹಾಗೆ ಗೋದಾಮಲ್ಲಿ ಕದ ಹಾಕ್ಕೊಂಡು ನಮ್ಮ ಪ್ರಾರ್ಥನೆ ಮಾಡ್ತಾಳೆ."

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ವ್ಯಾನು ಮುಂದೆ ಹೋಯಿತು, ತಿರುಗಿ ಬಂತು, ನೀನು ಮತ್ತೊಮ್ಮೆ ಹೇಳಿದೆ. ಅತ್ತೆ ಎರಡು ಸಲವೂ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ನನ್ನ ಮನೇಲಿ ಕಳ್ಳಿ ಥರ ಪ್ರಾರ್ಥನೆ ಮಾಡಿದ್ಯಾ? ಅಷ್ಟು ಕೆಟ್ಟವಳೇನೇ ನಾನು?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಹೋಗಿ ಮಲಗಿಬಿಟ್ಟರು. ಅವತ್ತಿನಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ.

ಬಚ್ಚಿಟ್ಟ ಇನ್ನೊಂದನ್ನೂ ಬರೆದುಬಿಡುತ್ತೇನೆ. ವ್ಯಾಪಾರ ತಣ್ಣಗಿದೆ ಎಂದಿದ್ದೆನಲ್ಲ? ನಮ್ಮ ಕಡೆಯ ಹುಡುಗರು ಭಾವನ ಅಂಗಡಿಯ ಬೋರ್ಡಿಗೆ ಟಾರು ಬಳಿದಿದ್ದರು. ಈಗ ನಿನ್ನ ಭಾಷಣ ಕೇಳಿದ ಮೇಲೆ ಭಾವನ ಕಡೆಯವರೂ ಅಂಗಡಿಗೆ ಬರುವುದು ಬಿಟ್ಟರು. ಅವರು ಬಾಯಿಬಿಟ್ಟು ಬೈಯುವುದಿಲ್ಲ. ಒಂದು ಹೆಜ್ಜೆ ಜಾಸ್ತಿ ನಡೆದು ಬೇರೆ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಾರೆ.

ಮೈಕಣ್ಣನ ಮನೆಗೆ ಹೋಗಿ ಜಗಳ ತೆಗೆದೆ. "ಅಯ್ಯೋ, ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ, ನಿನ್ ತಮ್ಮನೇ ಕೊಟ್ಟಿದ್ದು" ಎಂದು ನಕ್ಕರು. ಮರುದಿನ ನಾಲ್ಕು ರಸ್ತೆ ಸೇರುವಲ್ಲಿ ಸಭೆ ಇತ್ತು. ಅವರದೇ ಮೈಕು ಕಿತ್ತುಕೊಂಡು ಹೇಳಿದೆ: "ನಾನು ಯಾವ ದೇವರಿಗೆ ಕೈ ಮುಗೀತೀನಿ ಅನ್ನೋದನ್ನ ನೋಡಿ ಓಟು ಹಾಕೋರು ದಯವಿಟ್ಟು ನನಗೆ ಹಾಕ್ಬೇಡಿ. ನಿಮ್ಮ ಓಟು ನನಗೆ ಬೇಡ. ಆಸ್ಪತ್ರೆ ಬೇಕು ಅನ್ನೋರು ಮಾತ್ರ ಹಾಕಿ." ಏನಾಯಿತು ಗೊತ್ತಾ? ಚಪ್ಪಾಳೆ! ಶಿಳ್ಳೆ! "ನೋಡ್ರಿ, ನಮ್ಮವಳು ಅಂದ್ರೆ ಹಿಂಗಿರಬೇಕು, ಎಷ್ಟು ಖಾರ!" ಎಂದು ಮುಂದೆ ನಿಂತವನೊಬ್ಬ ಕೂಗಿದ. ಬೈದರೂ ನಮ್ಮವಳು, ಉಗಿದರೂ ನಮ್ಮವಳು. ಈ ಜನಕ್ಕೆ ಏನು ಮಾಡಬೇಕೋ!

ನೀನು ಕೊಟ್ಟ ಬಳುವಳಿ ಇದು. ಹಗುರವಾಗಿದ್ದೀಯಂತೆ. ಇರು.

ಅಕ್ಕ


ಫೆಬ್ರವರಿ 24

ಅಕ್ಕಾ,

ನೀನು ಗೆದ್ದೆ ಎಂದು ಪೇಪರಿನಲ್ಲಿ ಓದಿದೆ. ಅದೂ ಎಂಥ ಗೆಲುವು! ಸಿಮೆಂಟಿನವನು ಹೇಳಹೆಸರಿಲ್ಲದೆ ಹೋದ. ಪೇಪರ್ ತಂದ ಲಾರಿಯಲ್ಲೇ ನಿನ್ನ ಎರಡೂ ಕಾಗದಗಳು ಒಟ್ಟಿಗೆ ಬಂದವು. ನೀನು ಬೇಡ ಎಂದಿದ್ದು ನಾನು ಫೋನ್ ಮಾಡುವ ಮೊದಲು ಕೈಸೇರಿರಲಿಲ್ಲ. ಸೇರಿದ್ದರೂ ಮಾಡುತ್ತಿದ್ದೆನೋ ಏನೋ, ಸುಳ್ಳು ಹೇಳುವುದಿಲ್ಲ.

ಅತ್ತೆಯ ವಿಷಯ ಓದಿ ಸಂಕಟವಾಯಿತು. ಅದೊಂದು ಸಾಲು ಬಾಯಿತಪ್ಪಿ ಬಂತು. ಉಳಿದದ್ದಕ್ಕೆ ತಪ್ಪಾಯಿತು ಎನ್ನಲಾರೆ. ಗೆಲ್ಲದೆ ಆಸ್ಪತ್ರೆಯ ಬೀಗ ಹೇಗೆ ತೆರೆಸುತ್ತಿದ್ದೆ? ಒಳ್ಳೆಯತನ ನೋಡಿ ಓಟು ಹಾಕುವ ಊರು ಎಲ್ಲಿದೆ, ನನಗೂ ಹೇಳು, ಅಲ್ಲಿಗೇ ಬಂದು ಇರುತ್ತೇನೆ.

ನಿನಗೆ ಬರೆಯದ ಒಂದು ಮಾತು. ಸುರಂಗದ ಆ ಕತ್ತಲಿನಿಂದ ನಾನು ಹೊರಗೆ ಬಂದು ಮೂರು ತಿಂಗಳಾಯಿತು. ಈಗ ಸ್ಟೋರಿನಲ್ಲಿದ್ದೇನೆ. ಗುತ್ತಿಗೆದಾರ ನಮ್ಮ ಧರ್ಮದವನೇ. ಅಪ್ಪನ ಹೆಸರು ಕೇಳಿದ, ನಮ್ಮ ಹುಡುಗ ಎಂದ, ಹೊರಗೆ ಹಾಕಿಸಿದ. ಕೆಮ್ಮು ಕಡಿಮೆಯಾದದ್ದು ಔಷಧಿಯಿಂದಲ್ಲ. ನಾನು ಬೇಡ ಎನ್ನಬೇಕಿತ್ತಾ? ನೀನೇ ಹೇಳು, ಅಕ್ಕ. ರಕ್ತ ಕಾರುವವರೆಗೆ ಒಳಗೇ ಇರಬೇಕಿತ್ತಾ?

ಮೊಂಡ


ಮಾರ್ಚ್ 10

ಮೊಂಡ,

ನಿನ್ನ ಕೆಮ್ಮು ನಿಂತದ್ದಕ್ಕೆ ಸಂತೋಷ, ದೇವರಾಣೆ ಸಂತೋಷ. ರಕ್ತ ಕಾರು ಎಂದು ಯಾವ ಅಕ್ಕ ಹೇಳುತ್ತಾಳೆ? ಆದರೆ ನಿನ್ನ ಜಾಗಕ್ಕೆ ಒಳಗೆ ಹೋದವನೊಬ್ಬ ಇರುತ್ತಾನಲ್ಲ, ಅವನಿಗೂ ಎಲ್ಲೋ ಒಬ್ಬಳು ಅಕ್ಕ ಇರುತ್ತಾಳೆ. ಅವಳ ಕಾಗದಕ್ಕೆ ಏನು ಉತ್ತರ ಬರೆಯುತ್ತೀಯ?

ಇಲ್ಲಿಯ ಕಥೆ ಕೇಳು. ನಗರಸಭೆ ನಮ್ಮ ಒಕ್ಕೂಟದ ಕೈಗೆ ಬಂತು. ನನ್ನನ್ನು ಆರೋಗ್ಯ ಸಮಿತಿಯ ಅಧ್ಯಕ್ಷೆ ಮಾಡಿದರು. ಡಾಕ್ಟರು ಬರಲು ಒಪ್ಪಿದ್ದಾರೆ, ಸುಣ್ಣಬಣ್ಣಕ್ಕೆ ಮಂಜೂರಾತಿ ಸಿಕ್ಕಿದೆ. ಬೀಗದ ಕೈ ನನ್ನ ಸೆರಗಿಗೇ ಬಂತು ಎಂದುಕೊಂಡಾಗ ಮೈಕಣ್ಣ ಒಂದು ನಕ್ಷೆ ಹಿಡಿದು ಬಂದರು. ಆಸ್ಪತ್ರೆಗೆ ಎರಡು ಬಾಗಿಲು! "ಈ ಕಡೆ ನಮ್ಮವರಿಗೆ, ಆ ಕಡೆ ಅವರಿಗೆ. ಗಲಾಟೆ ಬೇಡ ಅಂತ ಅಷ್ಟೇ ಕಣಮ್ಮ. ನಮ್ಮವಳು ಅಂತ ಓಟು ಹಾಕಿದಾರೆ, ಅವರಿಗೂ ಏನಾದ್ರೂ ತೋರಿಸ್ಬೇಕಲ್ಲ?" ಒಳಗೆ ಇರುವುದು ಒಂದೇ ಹೆರಿಗೆ ಕೋಣೆ, ಒಂದೇ ಮಂಚ. ಎರಡು ಬಾಗಿಲಿನಿಂದ ಬಂದು ಅದೇ ಮಂಚದ ಮೇಲೆ ಮಲಗಬೇಕು! ಇವರ ತಲೆಯಲ್ಲಿ ಇರುವುದಾದರೂ ಏನು?

ಭಾವನ ಬೀದಿಯ ಹಿರಿಯರಾದರೂ ಬೇಡವೆನ್ನುತ್ತಾರೆ ಎಂದು ಓಡಿದೆ. "ನಮಗೂ ಅದೇ ವಾಸಿ, ನಮ್ಮ ಹೆಣ್ಮಕ್ಕಳು ನೆಮ್ಮದಿಯಾಗಿ ಬಂದು ಹೋಗ್ತಾರೆ" ಎಂದರು. ಜಗಳವಾಡುವುದಕ್ಕೂ ಒಂದೆಡೆ ಸೇರದವರು ಇನ್ನೊಂದು ಬಾಗಿಲಿಗೆಂದು ಗೋಡೆ ಒಡೆಯುವುದಕ್ಕೆ ಸೇರಿದ್ದಾರೆ. ನನ್ನ ಸಹಿ ಇಲ್ಲದೆ ಕೆಲಸ ಶುರುವಾಗುವಂತಿಲ್ಲ. ನಾನು ಸಹಿ ಹಾಕಿಲ್ಲ. ಈಗ ಎರಡೂ ಕಡೆಯವರು ಒಂದೇ ದನಿಯಲ್ಲಿ ನನ್ನನ್ನು ಬೈಯುತ್ತಿದ್ದಾರೆ.

ಅತ್ತೆ ನಿನ್ನೆ ನಡುಮನೆಯ ಒಂದು ಗೂಡು ಖಾಲಿ ಮಾಡಿ, "ಇನ್ಮೇಲೆ ಇಲ್ಲೇ ಮಾಡ್ಕೋ. ಬಂದೋರೆಲ್ಲ ನೋಡ್ಲಿ" ಎಂದರು. ಅವರಿಗಾದ ನೋವು ಹೋಗಿಲ್ಲ, ನನ್ನ ಮೇಲಿನ ಕೋಪವೂ ಹೋಗಿಲ್ಲ.

ಮೈಕಣ್ಣ ಈಗಲೂ ಸಭೆ ಇದ್ದಾಗಲೆಲ್ಲ ನಿನ್ನ ಮಾತನ್ನೇ ಹಾಕುತ್ತಾರೆ. ನಿಲ್ಲಿಸಲು ನೀನೇ ಹೇಳಬೇಕು. ಹೇಳು.

ಅಕ್ಕ


ಏಪ್ರಿಲ್ 21

ಮೊಂಡ,

ನಿನ್ನ ಕಾಗದ ಬರಲಿಲ್ಲ. ಕೋಪವೋ ನಾಚಿಕೆಯೋ ನಿನಗೇ ಗೊತ್ತು. ಮೈಕಣ್ಣನ ವ್ಯಾನು ಮಾತ್ರ ಬಾಯಿ ಮುಚ್ಚಿದೆ. ನೀನು ಹೇಳಿರಬೇಕು ಎಂದುಕೊಂಡಿದ್ದೇನೆ.

ನಾನು ಸಹಿ ಹಾಕಿದೆ.

ಹೋದ ತಿಂಗಳ ಕೊನೆಯಲ್ಲಿ ಗ್ಯಾರೇಜಿನವನ ಹೆಂಡತಿಗೆ ದೊಡ್ಡಾಸ್ಪತ್ರೆಯ ದಾರಿಯಲ್ಲಿ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಅದರ ಅಜ್ಜಿ ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತು, "ಎರಡಲ್ಲ ಹತ್ತು ಬಾಗಿಲಿರಲಿ ನರ್ಸಮ್ಮ, ಒಂದಾದ್ರೂ ತೆಗೆದಿರ್ತಿತ್ತಲ್ಲ" ಎಂದಳು. ನಾನು ಸರಿ ಎಂದು ಈಗಲೂ ನನಗೆ ಗೊತ್ತು. ಆ ಅಜ್ಜಿಗೆ ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಆ ಸಂಜೆಯೇ ಹೋಗಿ ಸಹಿ ಹಾಕಿದೆ. ಹಾಕುವಾಗ ಮೈಕಣ್ಣನಿಗೆ, ನಿಮ್ಮ ಜನ್ಮಕ್ಕಿಷ್ಟು ಎಂದೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ ನಿಂತಿದ್ದರು.

ಮೊನ್ನೆ ಆಸ್ಪತ್ರೆ ತೆರೆಯಿತು. ಭಾಷಣ ಮಾಡುವವರೆಲ್ಲ ಮಾಡಿ ಹೋದರು. ಎರಡೂ ಬಾಗಿಲಿಗೆ ಹೊಸ ಬಣ್ಣ, ನಡುವೆ ಒಬ್ಬ ಕಾವಲುಗಾರ. ಬಂದವರನ್ನು ಕೇಳಿ ಬಾಗಿಲು ತೋರಿಸುವುದೇ ಅವನ ಕೆಲಸ. ಅದಕ್ಕೊಂದು ಸಂಬಳ! ಹೊಸ ನರ್ಸ್ ಇನ್ನೂ ಬಂದಿರಲಿಲ್ಲ, ನಾನೇ ಕೈ ತೊಳೆದು ಒಳಗೆ ನಿಂತಿದ್ದೆ. ಮಧ್ಯಾಹ್ನ ಒಬ್ಬಳು ಬಂದಳು. ನೋವು ಜೋರಾಗಿತ್ತು, ಗೋಡೆ ಹಿಡಿದು ಬಗ್ಗಿ ನಿಂತಿದ್ದಳು. ಗಂಡ ಹಿಂದೆ ಚೀಲ ಹೊತ್ತು ಓಡಿ ಬರುತ್ತಿದ್ದ. ಕಾವಲುಗಾರ, ಪಾಪ, ಹೇಳಿಕೊಟ್ಟ ಹಾಗೆ, "ಯಾವ ಕಡೆಯವರಮ್ಮ?" ಎಂದ.

ಅವಳು ತಲೆ ಎತ್ತಿದಳು. ಆ ನೋವಿನಲ್ಲೂ ಅದೆಲ್ಲಿತ್ತೋ ಆ ಗಂಟಲು! "ನಿಮ್ಮಮ್ಮ ನಿನ್ನ ಹೆರೋಕೆ ಯಾವ ಬಾಗಿಲಲ್ಲಿ ಹೋದ್ಲೋ ಅದನ್ನ ತೆಗಿಯೋ, ಮುಂಡೇದೇ!"

ಕಾವಲುಗಾರ ಹೆದರಿ ಎರಡೂ ಬಾಗಿಲು ತೆಗೆದುಬಿಟ್ಟ. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ನಾಲ್ಕು ತಿಂಗಳಿನಿಂದ ಊರೆಲ್ಲ ಬೈದುಕೊಂಡು ತಿರುಗಿದ ನನಗೆ ಇಷ್ಟು ಚೆನ್ನಾಗಿ ಬೈಯಲು ಬಂದಿರಲಿಲ್ಲ ನೋಡು.

ಅವಳು ಯಾರ ಕಡೆಯವಳು ಎಂದು ನಾನು ಬರೆಯುವುದಿಲ್ಲ. ಓದುವಾಗ ಆ ಪ್ರಶ್ನೆ ನಿನ್ನ ಮನಸ್ಸಿಗೆ ಬಂದೇ ಬಂದಿರುತ್ತದೆ. ಬಂತಲ್ಲ? ಅಲ್ಲೇ ಇರುವುದು ನಿನ್ನ ರೋಗ, ಊರಿನ ರೋಗವೂ ಅದೇ. ಸ್ಟೋರಿನಲ್ಲಿ ಬಿಡುವು ಸಿಕ್ಕಾಗ ಕೂತು ಯೋಚಿಸು.

ಹೆಣ್ಣು ಮಗು. ಅದಕ್ಕೂ ತಾಯಿಯದೇ ಗಂಟಲು.

ಅಕ್ಕ